ಬಾರ್ಸಿಲೋನಾದ ಅರವತ್ತು ಪ್ರತಿಗಳು

ಬೋಧನಾ ಅಭ್ಯಾಸದ ಎರಡನೆಯ ವಾರ ಹತ್ತನೆಯ ತರಗತಿಗೆ ನರಕೋಶದ ಪಾಠ ಮಾಡಿದೆ. ಚಾರ್ಟ್ ತೂಗುಹಾಕಿ, ಭಾಗಗಳನ್ನು ವಿವರಿಸಿ, ಟಿಪ್ಪಣಿ ಬರೆಸಿದೆ. ಕೊನೆಯಲ್ಲಿ ಒಬ್ಬ ಹುಡುಗಿ ಎದ್ದು, ಒಂದು ನರಕೋಶ ಇನ್ನೊಂದಕ್ಕೆ ಅಂಟಿಕೊಂಡಿಲ್ಲವೆಂದು ಮೊದಲು ಯಾರಿಗೆ, ಹೇಗೆ ಗೊತ್ತಾಯಿತು ಎಂದು ಕೇಳಿದಳು. ನನಗೆ ತಿಳಿದಿರಲಿಲ್ಲ. ಅದು ಪರೀಕ್ಷೆಗೆ ಬರುವುದಿಲ್ಲ ಎಂದುಬಿಟ್ಟೆ. ಹಿಂದಿನ ಬೆಂಚಿನಲ್ಲಿದ್ದ ಮಾರ್ಗದರ್ಶಕ ಶಿಕ್ಷಕರು ವೀಕ್ಷಣಾ ಪುಸ್ತಕದಲ್ಲಿ ನನ್ನ ಉತ್ತರ ಬರೆದು, ಅದರ ಕೆಳಗೆ ಗೆರೆ ಎಳೆದಿದ್ದರು. ಆ ಗೆರೆಯ ದೆಸೆಯಿಂದ ನಾನು ಓದಿ ತಿಳಿದ ಜೀವನವಿದು.

ಸಾಂಟಿಯಾಗೊ ರಮೋನ್ ಇ ಕಹಾಲ್ ಹುಟ್ಟಿದ್ದು 1852ರಲ್ಲಿ, ಸ್ಪೇನಿನ ಒಂದು ಹಳ್ಳಿಯಲ್ಲಿ. ತಂದೆ ವೈದ್ಯರು. ಮಗನಿಗೆ ಚಿತ್ರ ಬರೆಯುವ ಹುಚ್ಚು. ತಂದೆಯ ಕಣ್ಣಿಗೆ ಅದು ಕೆಲಸಕ್ಕೆ ಬಾರದ ಗೀಳು. ಶಾಲೆಯಲ್ಲೂ ಹತೋಟಿಗೆ ಸಿಗದ ಹುಡುಗನನ್ನು ಕೆಲಕಾಲ ಕ್ಷೌರದಂಗಡಿಗೆ, ಆಮೇಲೆ ಪಾದರಕ್ಷೆ ಹೊಲಿಯುವಲ್ಲಿಗೆ ಕೆಲಸ ಕಲಿಯಲು ಕಳಿಸಿದರು. ಮುಂದೆ ಅದೇ ತಂದೆ ಮೂಳೆಗಳನ್ನು ಮುಂದಿಟ್ಟುಕೊಂಡು ಅಂಗರಚನೆ ಕಲಿಸಿದಾಗ, ಬೇಡವೆಂದಿದ್ದ ಚಿತ್ರಕಲೆಯೇ ಕಲಿಕೆಯ ದಾರಿಯಾಯಿತು. ಹುಡುಗ ವೈದ್ಯನಾದ, ಪ್ರಾಧ್ಯಾಪಕನಾದ.

ನಮ್ಮ ಕೋಶದ ಪಾಠದಲ್ಲಿ ಬರುವ ಗಾಲ್ಗಿ ಸಂಕೀರ್ಣಕ್ಕೆ ಯಾರ ಹೆಸರಿದೆಯೋ, ಆ ಇಟಲಿಯ ಗಾಲ್ಗಿ 1873ರಲ್ಲಿ ಬೆಳ್ಳಿಯ ಲವಣದಿಂದ ನರಕೋಶಗಳಿಗೆ ಬಣ್ಣ ಕೊಡುವ ವಿಧಾನವನ್ನು ಪ್ರಕಟಿಸಿದ್ದರು. ಅದರಲ್ಲಿ ಕೆಲವೇ ಕೋಶಗಳು, ಆದರೆ ತುದಿಯವರೆಗೂ, ಕಪ್ಪಾಗಿ ಕಾಣುತ್ತಿದ್ದವು. 1887ರಲ್ಲಿ ಮ್ಯಾಡ್ರಿಡ್‌ನಲ್ಲಿ ಅಂಥ ಸ್ಲೈಡುಗಳನ್ನು ನೋಡಿದ ಕಹಾಲ್ ಬೆರಗಾದರು. ವಿಧಾನವನ್ನು ತಿದ್ದಿ, ಭ್ರೂಣಗಳ ಮತ್ತು ಎಳೆಯ ಪ್ರಾಣಿಗಳ ಮಿದುಳಿನ ಮೇಲೆ ಪ್ರಯೋಗಿಸಿದರು. ನರಮಂಡಲವೆಲ್ಲ ಕೂಡಿಕೊಂಡ ಒಂದೇ ಬಲೆ ಎಂದು ಹಲವು ವಿದ್ವಾಂಸರು ನಂಬಿದ್ದ ಕಾಲವದು. ಕಹಾಲರಿಗೆ ಕಂಡದ್ದು ಬೇರೆ: ಎಳೆಗಳು ಇನ್ನೊಂದು ಕೋಶದ ಸಮೀಪ ಬಂದು, ಬೆರೆಯದೆ ಮುಗಿಯುತ್ತಿದ್ದವು.

ಕಂಡದ್ದನ್ನು ಹೇಳುವುದು ಎಲ್ಲಿ? 1888ರಲ್ಲಿ ಬಾರ್ಸಿಲೋನಾದಲ್ಲಿ ಸ್ವಂತ ಹಣ ಹಾಕಿ ಒಂದು ತ್ರೈಮಾಸಿಕ ಪತ್ರಿಕೆ ಹೊರಡಿಸಿದರು. ಮೊದಲ ಸಂಚಿಕೆ ಕೇವಲ 60 ಪ್ರತಿ. ಹೆಚ್ಚಿನವನ್ನು ಹೊರದೇಶದ ವಿಜ್ಞಾನಿಗಳಿಗೆ ಅಂಚೆಯಲ್ಲಿ ಕಳಿಸಿದರು. ಆದರೆ ಆ ವಿಜ್ಞಾನಿಗಳಲ್ಲಿ ಸ್ಪ್ಯಾನಿಷ್ ಓದುವವರು ವಿರಳ. ಬರೆದದ್ದು ಓದುಗರಿಲ್ಲದೆ ಉಳಿಯಿತು.

1889ರಲ್ಲಿ ಅವರು ಸೂಕ್ಷ್ಮದರ್ಶಕವನ್ನೂ ಸ್ಲೈಡುಗಳನ್ನೂ ಹೊತ್ತು ಬರ್ಲಿನ್ನಿನ ಅಂಗರಚನಾ ವಿಜ್ಞಾನಿಗಳ ಸಮ್ಮೇಳನಕ್ಕೆ ಹೋದರು. ವಾದ ಬೆಳೆಸುವುದಕ್ಕಿಂತ ಹೆಚ್ಚಾಗಿ, ಬಂದವರಿಗೆ ಮಸೂರದಲ್ಲಿ ಇಣುಕಿ ನೋಡಲು ಅವಕಾಶ ಮಾಡಿಕೊಟ್ಟರು. ಹಿರಿಯ ವಿದ್ವಾಂಸ ಕೊಲಿಕರ್ ನೋಡಿ ಒಪ್ಪಿದರು. ಕಹಾಲರ ಲೇಖನಗಳನ್ನು ಓದಲೆಂದೇ ಆ ವಯಸ್ಸಿನಲ್ಲಿ ಸ್ಪ್ಯಾನಿಷ್ ಕಲಿತರು. 1891ರಲ್ಲಿ ವಾಲ್ಡೆಯರ್ ಈ ಕೋಶಕ್ಕೆ ನ್ಯೂರಾನ್ ಎಂದು ಹೆಸರಿಟ್ಟರು. 1906ರ ನೊಬೆಲ್ ಪ್ರಶಸ್ತಿ ಗಾಲ್ಗಿ, ಕಹಾಲ್ ಇಬ್ಬರಿಗೂ ಬಂತು. ಗಾಲ್ಗಿ ಆ ವೇದಿಕೆಯಲ್ಲೂ ಕಹಾಲರ ಮತವನ್ನು ಒಪ್ಪಲಿಲ್ಲ. ಕಹಾಲ್ 1934ರಲ್ಲಿ ತೀರಿಕೊಂಡರು. ಅವರ ದೊಡ್ಡ ಗ್ರಂಥವೂ ಕೈಯಾರೆ ಬರೆದ ಚಿತ್ರಗಳೂ ಇಂದಿಗೂ ನರವಿಜ್ಞಾನಿಗಳಿಗೆ ಆಕರ.

ಮರುವಾರ ಅದೇ ತರಗತಿಗೆ ಹೋದೆ. ಮೊದಲು ನನ್ನ ಉತ್ತರ ತಪ್ಪಾಗಿತ್ತೆಂದು ಒಪ್ಪಿಕೊಂಡೆ. ಪ್ರಯೋಗಾಲಯದ ಕಪಾಟಿನಲ್ಲಿದ್ದ ನರಕೋಶದ ಸ್ಲೈಡನ್ನು ಎಲ್ಲರಿಗೂ ತೋರಿಸಿದೆ. ಸರದಿ ಮುಗಿಯುವಷ್ಟರಲ್ಲಿ ಅವಧಿಯೇ ಮುಗಿದಿತ್ತು. ಪಾಠ ಯೋಜನೆಯ ಮೌಲ್ಯಮಾಪನ ಹಂತ ಹಾಗೆಯೇ ಉಳಿಯಿತು. ಆ ಹುಡುಗಿ ಬಹಳ ಹೊತ್ತು ನೋಡಿ, ಅಂತರ ಕಾಣುತ್ತಿಲ್ಲವಲ್ಲ ಎಂದಳು. ಕಹಾಲರಿಗೂ ಅಂತರ ಕಂಡಿರಲಿಲ್ಲ, ಎಳೆ ಮುಗಿಯುವುದಷ್ಟೇ ಕಂಡಿತ್ತು ಎಂದೆ. ಅಂತರ ಕಣ್ಣಿಗೆ ಬಿದ್ದದ್ದು ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, 1950ರ ದಶಕದಲ್ಲಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ.

ಅವಳು ಮತ್ತೆ ಮಸೂರಕ್ಕೆ ಕಣ್ಣಿಟ್ಟಳು. ಈ ಸಲ ವೀಕ್ಷಣಾ ಪುಸ್ತಕದಲ್ಲಿ ಸಮಯ ನಿರ್ವಹಣೆಗೆ ಅಂಕ ಕಡಿಮೆ ಬಂತು. ಗೆರೆ ಇರಲಿಲ್ಲ.