ರೋಗಿಗಳ ಗುಡಿಸಲಿನಲ್ಲಿ ಬೆಳಗಿದ ಪಾವಿತ್ರ್ಯ

ಸಂತರೆಂದರೆ ಲೋಕದ ಗದ್ದಲದಿಂದ ದೂರ ಸರಿದು ಜಪತಪಗಳಲ್ಲಿ ಮುಳುಗಿದವರೆಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ದೇವಾಲಯಕ್ಕೆ ತಪ್ಪದೆ ಹೋಗುವವರನ್ನು ಭಕ್ತರೆಂದೂ, ಬಡವರ ಕಷ್ಟಕ್ಕೆ ಒದಗುವವರನ್ನು ಸಮಾಜಸೇವಕರೆಂದೂ ಬೇರೆ ಬೇರೆಯಾಗಿ ಎಣಿಸುತ್ತೇವೆ. ದೈವಪ್ರೀತಿಯೂ ಪರಪ್ರೀತಿಯೂ ಒಂದೇ ಬುಗ್ಗೆಯಿಂದ ಹರಿಯುವ ನೀರೆಂಬುದನ್ನು ತಮ್ಮ ಬಾಳಿನಿಂದಲೇ ತೋರಿಸಿಕೊಟ್ಟವರು ಸಂತ ಜೋಸೆಫ್ ವಾಜ್. ನಮ್ಮ ಕರಾವಳಿಯ ಮಣ್ಣನ್ನು ತುಳಿದು ಹೋದ ಈ ಮಹಾತ್ಮರ ಜೀವನ ನಮ್ಮ ಕುಟುಂಬಗಳಿಗೆ ಪರಕೀಯವಲ್ಲ.

1651ರ ಏಪ್ರಿಲ್ 21ರಂದು ಗೋವೆಯ ಬಾಣಾವಲಿಯಲ್ಲಿ ಜನಿಸಿದ ವಾಜ್ 1676ರಲ್ಲಿ ಗುರುದೀಕ್ಷೆ ಪಡೆದರು. ಮರುವರ್ಷ ತಮ್ಮನ್ನು ಕನ್ಯಾಮರಿಯಮ್ಮನವರ ದಾಸನನ್ನಾಗಿ ಅರ್ಪಿಸಿಕೊಂಡು ಪತ್ರವೊಂದನ್ನು ಬರೆದಿಟ್ಟರು. ಪ್ರಾರ್ಥನೆ ಅವರಿಗೆ ಉಸಿರಾಗಿತ್ತು. ಬಡವರಂತೆಯೇ ಬರಿಗಾಲಿನಲ್ಲಿ ನಡೆಯುವುದನ್ನು ಅವರು ಮೆಚ್ಚಿಕೊಂಡಿದ್ದರು.

1681ರಲ್ಲಿ ಅವರನ್ನು ಕೆನರಾ ಪ್ರಾಂತ್ಯಕ್ಕೆ ಕಳುಹಿಸಲಾಯಿತು. ಆಗ ಇಲ್ಲಿಯ ಕ್ರೈಸ್ತರು ಕುರುಬನಿಲ್ಲದ ಕುರಿಗಳಂತೆ ಚದರಿದ್ದರು. ಗೋವೆಯ ಅಧಿಕಾರಕ್ಕೂ, ರೋಮಿನಿಂದ ನೇಮಕಗೊಂಡ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೋ ಅವರ ಅಧಿಕಾರಕ್ಕೂ ನಡುವೆ ವಿವಾದವೆದ್ದು, ಜನರೂ ಎರಡು ಪಂಗಡಗಳಾಗಿದ್ದರು. ವಾಜ್ ಅವರು ಜಗಳವನ್ನು ಬೆಳೆಸದೆ ಶಾಂತಿಗಾಗಿ ಶ್ರಮಿಸಿದರು. ಹೊನ್ನಾವರ, ಬಸರೂರು, ಕುಂದಾಪುರ, ಗಂಗೊಳ್ಳಿ ಮುಂತಾದ ಕಡೆಗಳಲ್ಲಿ ದೇವಾಲಯಗಳನ್ನು ಕಟ್ಟಿಸಿ, ಶಾಲೆಗಳನ್ನು ತೆರೆದು, 1684ರಲ್ಲಿ ಗೋವೆಗೆ ಮರಳಿದರು. ಮರುವರ್ಷ ಅಲ್ಲಿಯ ಒರಾಟರಿ ಗುರುಸಮುದಾಯವನ್ನು ಸೇರಿಕೊಂಡರು.

ಆದರೆ ಅವರ ಮನಸ್ಸು ಸಿಂಹಳ ದ್ವೀಪದ ಕಡೆಗಿತ್ತು. 1658ರಲ್ಲಿ ಯಾಳ್ಪಾಣವನ್ನೂ ವಶಪಡಿಸಿಕೊಂಡ ಡಚ್ಚರು ಕಥೋಲಿಕ ಗುರುಗಳನ್ನು ಅಲ್ಲಿಂದ ಹೊರಗಟ್ಟಿದ್ದರು. ಬಲಿಪೂಜೆಯಿಲ್ಲ, ಪಾಪನಿವೇದನೆಯಿಲ್ಲ, ಸಾಯುವವರಿಗೆ ಸಂಸ್ಕಾರ ನೀಡುವ ಒಬ್ಬ ಗುರುವೂ ಇರಲಿಲ್ಲ. ಈ ಜನರಿಗಾಗಿ ವಾಜ್ 1687ರಲ್ಲಿ ಕೂಲಿಯವನ ವೇಷ ಧರಿಸಿ ಆ ನಾಡನ್ನು ಸೇರಿದರು. ಪ್ರಯಾಣದ ಬವಣೆಯಿಂದ ಕಾಯಿಲೆ ಬಿದ್ದರೂ ಚೇತರಿಸಿಕೊಂಡು, ಹಗಲು ಅಡಗಿ ಇರುಳು ಮನೆಮನೆಗೆ ನಡೆದು ವಿಶ್ವಾಸಿಗಳನ್ನು ಸಂತೈಸಿದರು.

1692ರಲ್ಲಿ ಅವರು ಕ್ಯಾಂಡಿ ರಾಜ್ಯವನ್ನು ಪ್ರವೇಶಿಸಿದಾಗ ಪೋರ್ಚುಗೀಸರ ಗೂಢಚಾರನೆಂಬ ಆಪಾದನೆ ಹೊರಿಸಿ ಅವರನ್ನು ಸೆರೆಯಲ್ಲಿಡಲಾಯಿತು. ಸೆರೆಯಲ್ಲಿಯೂ ಅವರು ಸುಮ್ಮನೆ ಕೂರಲಿಲ್ಲ. ಸಿಂಹಳ ಭಾಷೆಯನ್ನು ಕಲಿತರು, ಪ್ರಾರ್ಥನೆಗೊಂದು ಪುಟ್ಟ ಗುಡಿಸಲು ಕಟ್ಟಿಕೊಂಡರು. ಕಾಲಕ್ರಮದಲ್ಲಿ ಕಾವಲು ಸಡಿಲವಾಯಿತಾದರೂ, ಈ ಪರದೇಶಿ ಗುರು ಏಕೆ ಬಂದಿದ್ದಾರೆಂಬ ಸಂದೇಹ ಅನೇಕರಲ್ಲಿ ಉಳಿದೇ ಇತ್ತು.

ಆ ಸಂದೇಹಕ್ಕೆ ಉತ್ತರ ದೊರೆತದ್ದು 1697ರಲ್ಲಿ. ಕ್ಯಾಂಡಿಯಲ್ಲಿ ಸಿಡುಬು ಹಬ್ಬಿತು. ಭಯದಿಂದ ಜನರು ಊರು ಬಿಟ್ಟರು, ರಾಜನೂ ರಾಜಧಾನಿಯಿಂದ ದೂರ ಸರಿದನು. ರೋಗ ತಗುಲಿದವರನ್ನು ಸ್ವಂತ ಮನೆಯವರೇ ಕಾಡಿಗೆ ಸಾಗಿಸಿ ಬಿಟ್ಟುಬರುತ್ತಿದ್ದರು. ವಾಜ್ ಮತ್ತು ಅವರ ಸೋದರಳಿಯ, ಗುರು ಜೋಸೆಫ್ ಕಾರ್ವಾಲೊ ಮಾತ್ರ ಅಲ್ಲಿಂದ ಕದಲಲಿಲ್ಲ. ಅವರಿಬ್ಬರೂ ರೋಗಿಗಳಿಗೆ ನೆರಳು ಕಲ್ಪಿಸಿ, ಹುಣ್ಣುಗಳನ್ನು ತೊಳೆದು, ಗಂಜಿ ಕುಡಿಸಿ, ಸತ್ತವರನ್ನು ತಮ್ಮ ಕೈಯಾರೆ ಮಣ್ಣು ಮಾಡಿದರು. ಬೌದ್ಧನೋ ಕ್ರೈಸ್ತನೋ ಎಂದು ಕೇಳಿ ಅವರು ಯಾರನ್ನೂ ಎತ್ತಿಕೊಳ್ಳಲಿಲ್ಲ. ಬಲಿಪೂಜೆಯಲ್ಲಿ ಕ್ರಿಸ್ತಪ್ರಸಾದವನ್ನು ಎತ್ತಿಹಿಡಿದ ಕೈಗಳೇ ಕೀವನ್ನೂ ಒರೆಸಿದವು.

ಬೌದ್ಧನಾದ ರಾಜ ಎರಡನೆಯ ವಿಮಲಧರ್ಮಸೂರ್ಯನ ಮನಸ್ಸನ್ನು ಗೆದ್ದದ್ದು ಈ ಸೇವೆ. ಯಾವ ವಾದವೂ ತೆರೆಯಲಾಗದ ಬಾಗಿಲನ್ನು ಅದು ತೆರೆಯಿತು. ರಾಜ್ಯದಲ್ಲಿ ನಿರ್ಭಯವಾಗಿ ಸಂಚರಿಸುವ ಸ್ವಾತಂತ್ರ್ಯ ಅವರಿಗೆ ದೊರೆಯಿತು. ಮುಂದೆ ಧರ್ಮಾಧ್ಯಕ್ಷ ಪದವಿಯ ಪ್ರಸ್ತಾಪ ಬಂದಾಗ ವಿನಯದಿಂದ ನಿರಾಕರಿಸಿ ಜನರ ನಡುವೆಯೇ ಉಳಿದರು. ಮತ್ತೆಂದೂ ಗೋವೆಯನ್ನು ಕಾಣದೆ 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ಕಣ್ಣು ಮುಚ್ಚಿದರು. ಎರಡನೆಯ ಜಾನ್ ಪಾಲ್ ಅವರು 1995ರಲ್ಲಿ ಕೊಲಂಬೋದಲ್ಲಿ ಅವರನ್ನು ಧನ್ಯರೆಂದು ಸಾರಿದರು. ಅದೇ ನಗರದಲ್ಲಿ 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಅವರು ಸಂತ ಪದವಿಗೇರಿಸಿದರು.

ಆ ಕಾಡಿನಲ್ಲಿ ನಿಲ್ಲುವ ಧೈರ್ಯ ವಾಜ್ ಅವರಿಗೆ ಒಂದೇ ದಿನದಲ್ಲಿ ಬಂದದ್ದಲ್ಲ. ವರ್ಷಗಳ ಪ್ರಾರ್ಥನೆ ಅವರ ಹೃದಯವನ್ನು ಅದಕ್ಕೆ ಹದಗೊಳಿಸಿತ್ತು. ಸಿಡುಬು ಬಂದ ದಿನ ಅವರು ಪ್ರಾರ್ಥನೆಯ ನೆಪದಲ್ಲಿ ಬಾಗಿಲು ಮುಚ್ಚಿಕೊಂಡಿದ್ದರೆ ಆ ಪ್ರಾರ್ಥನೆಗೆ ಫಲವಿರುತ್ತಿರಲಿಲ್ಲ. ಪ್ರಾರ್ಥನೆಯಿಲ್ಲದೆ ಹೋಗಿದ್ದರೆ ಅಷ್ಟು ಕಾಲ ಅಲ್ಲಿ ನಿಲ್ಲುವ ತ್ರಾಣವೂ ಇರುತ್ತಿರಲಿಲ್ಲವೇನೋ. ಹಸಿದವರಿಗೂ ರೋಗಿಗಳಿಗೂ ಮಾಡಿದ್ದನ್ನು ತಮಗೇ ಮಾಡಿದ್ದೆಂದು ಯೇಸುಸ್ವಾಮಿ ಎಣಿಸುವರೆಂಬ ಬೋಧನೆಯನ್ನು ಅವರು ಅಕ್ಷರಶಃ ನಂಬಿದರು.

ನಮ್ಮೆಲ್ಲರಿಗೂ ದೂರದ ದ್ವೀಪಕ್ಕೆ ಹೋಗುವ ಕರೆಯಿಲ್ಲ. ಆದರೆ ಒಳಕೋಣೆಯಲ್ಲಿ ಹಾಸಿಗೆ ಹಿಡಿದ ಅಜ್ಜಿಯಿದ್ದಾರೆ. ಆಸ್ತಿಯ ಮಾತಿಗೆ ಮುನಿದು ದೂರವಾದ ಸಹೋದರನಿದ್ದಾನೆ. ಯಾರೂ ಹೊಸ್ತಿಲು ತುಳಿಯದ ನೆರೆಮನೆಯಿದೆ. ರಾತ್ರಿಯ ಜಪಸರ ಮುಗಿದ ಮೇಲೆ ನಮ್ಮ ಹೆಜ್ಜೆಗಳು ಅವರತ್ತ ಹೊರಡುವುದಾದರೆ, ಆ ಜಪಸರ ದೇವರಿಗೆ ಮುಟ್ಟಿತೆಂದು ನಾವು ಧೈರ್ಯವಾಗಿ ನಂಬಬಹುದು.