ಕಲ್ಬರಹಗಳನ್ನು ಉಳಿಸಿದ ರೈಸ್ ದೊರೆಯವರು

ಮೈಲಾರ, ಹಡಗಲಿ, ಕೂಡ್ಲಿಗಿ ಸೀಮೆಗಳಲ್ಲಿ ಅಕ್ಷರ ಕೊರೆದ ಕಲ್ಲುಗಳನ್ನೂ ವೀರಗಲ್ಲುಗಳನ್ನೂ ನಾವು ಕಾಣುತ್ತೇವೆ. ಇಂಥ ಕಲ್ಲಿನ ಮೇಲೆ ಬಟ್ಟೆ ಒಗೆಯುವವರುಂಟು, ಒಡೆದು ಗೋಡೆಗೆ ಹಾಕುವವರುಂಟು. ಅನ್ಯಮತದವರ ಕಲ್ಲು ನಮಗೇತಕ್ಕೆಂದು ನಮ್ಮವರಲ್ಲಿ ಯಾರಾದರೂ ಎಣಿಸಿದರೆ, ಅವರು ಒಬ್ಬ ಮಿಶನರಿಯ ಮಗನ ಚರಿತ್ರೆಯನ್ನು ಕೇಳತಕ್ಕದ್ದು.

ಬೆಂಜಮಿನ್ ಲೂಯಿಸ್ ರೈಸರು 1837ನೆಯ ಇಸವಿಯಲ್ಲಿ ಬೆಂಗಳೂರಿನಲ್ಲಿ ಹುಟ್ಟಿದರು. ಅವರ ತಂದೆಯು ಲಂಡನ್ ಮಿಶನ್ ಸಂಘದ ಬೋಧಕರು. ಆ ಸಂಘವು 1810ರಿಂದಲೇ ನಮ್ಮ ಬಳ್ಳಾರಿಯಲ್ಲಿ ಸೇವೆ ನಡಿಸಿತ್ತು. ಮಗನು ಇಂಗ್ಲೆಂಡಿನಲ್ಲಿ ಓದಿ ಹಿಂದಿರುಗಿ, ಮೊದಲು ಉಪಾಧ್ಯಾಯರಾಗಿಯೂ ಅನಂತರ ಮೈಸೂರು ಕೊಡಗುಗಳ ವಿದ್ಯಾಧಿಕಾರಿಯಾಗಿಯೂ ದುಡಿದರು. ಶಾಲೆಗಳನ್ನು ನೋಡಲು ಊರೂರು ತಿರುಗುವಾಗ ಗುಡಿಯ ಅಂಗಳದಲ್ಲಿಯೂ ಕೆರೆಯ ಏರಿಯಲ್ಲಿಯೂ ನಿಂತಿದ್ದ ಕಲ್ಬರಹಗಳು ಅವರ ಮನಸ್ಸನ್ನು ಸೆಳೆದವು.

1879ರಲ್ಲಿ ಅವರು ತಮ್ಮ ಮೊದಲನೆಯ ಶಾಸನಗ್ರಂಥವನ್ನು ಹೊರಡಿಸಿದರು. 1886ರಿಂದ ಮುಂದೆ ಎಪಿಗ್ರಾಫಿಯ ಕರ್ನಾಟಿಕ ಎಂಬ ಹೆಸರಿನಲ್ಲಿ 12 ಸಂಪುಟಗಳಲ್ಲಿ ಸುಮಾರು 9000 ಶಾಸನಗಳನ್ನು ಅಚ್ಚು ಹಾಕಿಸಿದರು. ಕೂಡ್ಲಿಗಿಗೆ ನೆರೆಯದಾದ ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿಯಲ್ಲಿ ಅಶೋಕ ಚಕ್ರವರ್ತಿಯ ಶಾಸನವನ್ನು 1892ರಲ್ಲಿ ಕಂಡುಹಿಡಿದವರೂ ಅವರೇ. ಜೈನರದು, ಶೈವರದು, ವೈಷ್ಣವರದು, ತುರುಗಳನ್ನು ಬಿಡಿಸಲು ಮಡಿದ ಬಡ ಬಂಟನದು ಎಂಬ ಭೇದವನ್ನೆಣಿಸದೆ ಎಲ್ಲವನ್ನೂ ಸಮನಾದ ಶ್ರದ್ಧೆಯಿಂದ ಓದಿದರು. ತಂದೆಯ ವಿಶ್ವಾಸಕ್ಕೆ ಇದರಿಂದ ಯಾವ ಕುಂದೂ ಬರಲಿಲ್ಲ. ಸತ್ಯವಾದ ಸಾಕ್ಷಿಯನ್ನು ಕಾಯುವುದು ಪಾಪವಲ್ಲವಷ್ಟೆ. 1906ರಲ್ಲಿ ನಿವೃತ್ತರಾಗಿ, 1927ರಲ್ಲಿ ಇಂಗ್ಲೆಂಡಿನಲ್ಲಿ ತೀರಿಕೊಂಡರು. ಆಮೇಲೆ ನಷ್ಟವಾದ ಎಷ್ಟೋ ಕಲ್ಲುಗಳ ಮಾತು ಅವರ ಗ್ರಂಥದಲ್ಲಿ ಮಾತ್ರ ಉಳಿದದೆ.

ನಮ್ಮ ಸೀಮೆಯು ಆಗ ಮದ್ರಾಸ್ ಆಧಿಪತ್ಯಕ್ಕೆ ಸೇರಿದ್ದುದರಿಂದ ರೈಸರ ಸಂಪುಟಗಳಲ್ಲಿ ಬರಲಿಲ್ಲ. ಬಳ್ಳಾರಿ ಜಿಲ್ಲೆಯ ಅನೇಕ ಶಾಸನಗಳನ್ನು ಆ ಕಡೆಯ ಪಂಡಿತರು 1939ರಲ್ಲಿಯೂ 1941ರಲ್ಲಿಯೂ ಪ್ರಕಟಿಸಿದರು.

ಇನ್ನೊಂದನ್ನು ಯೋಚಿಸೋಣ. ಮದ್ರಾಸಿನ ಬಳಿಯ ಪರಂಗಿಮಲೆಯಲ್ಲಿ 1547ರಲ್ಲಿ ಅಸ್ತಿವಾರ ಅಗೆಯುವಾಗ ಪಹ್ಲವಿ ಅಕ್ಷರಗಳುಳ್ಳ ಶಿಲುಬೆಯ ಕಲ್ಲೊಂದು ದೊರಕಿತು. ಅದು ಸಾವಿರ ವರ್ಷಕ್ಕೂ ಹಿಂದಿನದೆಂದು ಪಂಡಿತರು ಎಣಿಸುತ್ತಾರೆ. ಅಗೆದವರು ಅದನ್ನು ಒಡೆದು ಅಸ್ತಿವಾರಕ್ಕೆ ತುಂಬಿದ್ದರೆ, ಈ ದೇಶದ ಪೂರ್ವಕಾಲದ ಕ್ರೈಸ್ತರ ಗುರುತೊಂದು ಅಳಿದುಹೋಗುತ್ತಿತ್ತು. ನಮ್ಮವರ ಕಲ್ಲು ಉಳಿಯಬೇಕೆಂದು ಬಯಸುವ ನಾವು ನೆರೆಯವರ ಕಲ್ಲನ್ನು ಒಡೆಯಬಹುದೇ? ಯೊರ್ದನಿನಿಂದ ತಂದ ಹನ್ನೆರಡು ಕಲ್ಲುಗಳನ್ನು ಯೆಹೋಶುವನು ನಿಲ್ಲಿಸಿದ್ದು ಮುಂದಣ ಮಕ್ಕಳಿಗಾಗಿಯೇ ಎಂಬುದನ್ನು ನಾವು ಮರೆಯಬಾರದು.

ಆದಕಾರಣ ನೇಗಿಲಿಗೆ ಅಕ್ಷರದ ಕಲ್ಲು ಸಿಕ್ಕಿದರೆ ಅದನ್ನು ಕದಲಿಸದೆ, ಸುಣ್ಣ ಬಣ್ಣ ಬಳಿಯದೆ, ತಹಶೀಲ್ದಾರರಿಗಾಗಲಿ ಪುರಾತತ್ವ ಇಲಾಖೆಗಾಗಲಿ ತಿಳಿಸೋಣ. ಪ್ರಾಚೀನ ಸ್ಮಾರಕಗಳ ರಕ್ಷಣೆಗೆ 1961ರ ಕರ್ನಾಟಕ ಕಾಯಿದೆಯಿದೆ. ಆದರೆ ಹೊಲದಲ್ಲಿ ಮೊದಲನೆಯ ಕಾವಲುಗಾರರು ನಾವೇ.