ಊರ ಪುಂಡತನವೂ ಟೇಲರ ಸಾಹೇಬನ ಚರಿತ್ರೆಯೂ

ಹೊಲದ ಬೆಳೆ ಕಳವಾಯಿತೆನ್ನಿರಿ, ಸಂತೆಯಲ್ಲಿ ತೂಕ ಕಡಿಮೆಯಾಯಿತೆನ್ನಿರಿ, ರಾತ್ರಿ ಕುಡಿದವರ ಬಡಿದಾಟದಿಂದ ಓಣಿಯ ನಿದ್ದೆ ಕೆಟ್ಟಿತೆನ್ನಿರಿ. ಮರುದಿನ ಕಟ್ಟೆಯ ಮೇಲೆ ಮೊದಲು ಕೇಳಿಬರುವ ಪ್ರಶ್ನೆ ಯಾವುದು? ಯಾರು ಮಾಡಿದರೆಂಬುದಲ್ಲ, ಯಾವ ಜಾತಿಯವರು, ಯಾವ ಕೇರಿಯವರು ಎಂಬುದು. ಸೇಡಂ ಸೀಮೆಯ ಆಡಕಿಯೇ ಇರಲಿ, ಬೇರೆ ಯಾವ ಊರೇ ಇರಲಿ, ಈ ದೋಷದಿಂದ ಪೂರ್ಣವಾಗಿ ಮುಕ್ತವಾದ ಊರು ನಮ್ಮ ನಾಡಿನಲ್ಲಿ ಇಲ್ಲ. ಈ ಪ್ರಶ್ನೆಯನ್ನು ತಿದ್ದಿಕೊಳ್ಳದ ಹೊರತು ಪುಂಡತನವು ಅಡಗಲಾರದೆಂದು ನಾವು ನಂಬುತ್ತೇವೆ. ಇದಕ್ಕೆ ನಿದರ್ಶನವಾಗಿ, ಇದೇ ಭಾಗದ ಸುರಪುರದಲ್ಲಿ ಆಡಳಿತ ನಡೆಸಿದ ಒಬ್ಬ ಪರದೇಶಿಯ ಚರಿತ್ರೆಯನ್ನು ವಾಚಕರ ಮುಂದೆ ಇಡುತ್ತೇವೆ.

ಫಿಲಿಪ್ ಮೆಡೋಸ್ ಟೇಲರನು ೧೮೦೮ರಲ್ಲಿ ಇಂಗ್ಲಂಡದ ಲಿವರಪೂಲದಲ್ಲಿ ಜನಿಸಿದನು. ೧೮೨೪ರಲ್ಲಿ, ಹದಿನೈದರ ಹರೆಯದಲ್ಲಿಯೇ, ಮುಂಬಯಿಯ ಒಬ್ಬ ವ್ಯಾಪಾರಿಯಲ್ಲಿ ಕೆಲಸಕ್ಕೆಂದು ಹಡಗನ್ನೇರಿ ಬಂದನು. ಬಂದು ನೋಡಿದರೆ ಆ ವ್ಯಾಪಾರವೇ ನೆಲ ಕಚ್ಚಿದ್ದಿತು. ಅದೇ ವರ್ಷ ಸಂಬಂಧಿಕರೊಬ್ಬರ ಸಹಾಯದಿಂದ ನಿಜಾಮನ ಸೈನ್ಯದಲ್ಲಿ ಸೇರಿಕೊಂಡನು. ಕಂಪನಿ ಸರಕಾರದ ನೌಕರರಿಗಿದ್ದ ಮಾನ, ಬಡತಿಗಳು ಆತನಿಗೆ ಸುಲಭವಾಗಿರಲಿಲ್ಲ. ಹಿಂದುಸ್ತಾನಿ, ಪಾರ್ಸಿ, ಮರಾಠಿಗಳನ್ನೂ ಕಾಯಿದೆಯನ್ನೂ ಭೂಮಾಪನವನ್ನೂ ಸ್ವಂತ ಪರಿಶ್ರಮದಿಂದ ಕಲಿತನು. ಜನರೊಡನೆ ನೇರವಾಗಿ ಮಾತನಾಡಬಲ್ಲವನಾದುದೇ ಆತನ ಮುಂದಿನ ಯಶಸ್ಸಿಗೆ ಮೂಲವಾಯಿತು.

ಇನ್ನೂ ಇಪ್ಪತ್ತರ ಆಸುಪಾಸಿನಲ್ಲಿದ್ದಾಗಲೇ ನಿಜಾಮನ ರಾಜ್ಯದ ನೈರುತ್ಯ ಭಾಗದಲ್ಲಿ ಪೊಲೀಸ ಅಧಿಕಾರವು ಆತನ ಕೈಗೆ ಬಂದಿತು. ಆ ಕಾಲದ ಒಂದು ಪ್ರಸಂಗವನ್ನು ಆತನೇ ತನ್ನ ಆತ್ಮಚರಿತ್ರೆಯಲ್ಲಿ ಬರೆದಿಟ್ಟಿದ್ದಾನೆ. ವರ್ತಕರು ಹಿಟ್ಟಿನಲ್ಲಿ ಮರಳು ಬೆರೆಸಿ ಮಾರುತ್ತಿದ್ದಾರೆಂದು ಯಾತ್ರಿಕರು ದೂರಿದರು. ಟೇಲರನು ವರ್ತಕರೆಲ್ಲರನ್ನೂ ಹಿಡಿದು ಥಳಿಸಲಿಲ್ಲ. ಪ್ರತಿಯೊಂದು ಅಂಗಡಿಯಿಂದಲೂ ಹಿಟ್ಟನ್ನು ಕೊಂಡು ತರಿಸಿ ಪರೀಕ್ಷಿಸಿದನು. ಮರಳು ನಿಜವಾಗಿಯೂ ಇದ್ದಿತು. ಆಗ ಮಾರಿದವರನ್ನು ಸಾಲಾಗಿ ಕುಳ್ಳಿರಿಸಿ, ಅವರವರ ಹಿಟ್ಟನ್ನೇ ಕಲಸಿಕೊಟ್ಟು, ಎಲ್ಲರೆದುರಿಗೆ ತಿನ್ನಲು ಅಪ್ಪಣೆ ಮಾಡಿದನು. ಅವರು ನಾಚಿ, ಬೇಡಿಕೊಂಡು, ಇನ್ನು ಹೀಗೆ ಮಾಡೆವೆಂದು ಮುಚ್ಚಳಿಕೆ ಬರೆದುಕೊಟ್ಟರು. ಮುಂದೆ ಆತನಿಗೆ ಆ ದೂರು ಕೇಳಿಬರಲಿಲ್ಲ. ಶಿಕ್ಷೆಯ ರೀತಿಯನ್ನು ಇಂದಿನ ಕಾಯಿದೆಯು ಒಪ್ಪಲಾರದು, ನಾವೂ ಒಪ್ಪುವುದಿಲ್ಲ. ಆದರೆ ಬಡ ಯಾತ್ರಿಕನ ದೂರನ್ನು ಕೇಳಿದ್ದು, ಪರೀಕ್ಷಿಸಿದ್ದು, ಅವನವನ ಚೀಲವನ್ನು ನೋಡಿಯೇ ತೀರ್ಪು ಕೊಟ್ಟಿದ್ದು, ಈ ಮೂರೂ ಅನುಕರಣೀಯವಾದುವು.

ಇದಕ್ಕೆ ವಿರುದ್ಧವಾದ ದಾರಿಯೂ ಅದೇ ಕಾಲದಲ್ಲಿ ತೆರೆಯಿತು. ದಾರಿಹೋಕರ ಕೊರಳಿಗೆ ವಸ್ತ್ರ ಬಿಗಿದು ಕೊಲ್ಲುತ್ತಿದ್ದ ಠಕ್ಕರ ವಿಚಾರಣೆಯಲ್ಲಿ ಟೇಲರನೂ ಹೈದರಾಬಾದದಲ್ಲಿ ಭಾಗವಹಿಸಿದನು. ಆ ಅನುಭವದಿಂದಲೇ ೧೮೩೯ರಲ್ಲಿ ಠಕ್ಕನೊಬ್ಬನ ಆತ್ಮನಿವೇದನೆಯ ರೂಪದ ಕಾದಂಬರಿಯನ್ನು ಪ್ರಕಟಿಸಿ ಪ್ರಖ್ಯಾತನಾದನು. ಕೊಲೆಗಡುಕರನ್ನು ಹಿಡಿದುದು ಯೋಗ್ಯವೇ ಸರಿ. ಆದರೆ ೧೮೩೬ರ ಕಾಯಿದೆಯ ಮೇರೆಗೆ ಇಂಥವನು ಇಂಥ ಕೊಲೆ ಮಾಡಿದನೆಂದು ಸಾಧಿಸಬೇಕಾಗಿರಲಿಲ್ಲ; ಠಕ್ಕರ ತಂಡಕ್ಕೆ ಸೇರಿದವನೆಂದು ಸಾಧಿಸಿದರೆ ಆಜನ್ಮ ಕಾರಾಗೃಹವಾಸ. ಈ ವಿಚಾರಸರಣಿಯೇ ಬೆಳೆದು ೧೮೭೧ರಲ್ಲಿ ಇಡೀ ಜನಾಂಗಗಳಿಗೇ ಅಪರಾಧಿಗಳೆಂಬ ಮುದ್ರೆ ಒತ್ತುವ ಕಾಯಿದೆಯಾಯಿತು. ತೊಟ್ಟಿಲ ಕೂಸೂ ಕಳ್ಳನೆನ್ನಿಸಿಕೊಂಡಿತು. ಸ್ವತಂತ್ರ ಭಾರತವು ೧೯೫೨ರಲ್ಲಿ ಈ ಕಳಂಕವನ್ನು ಕಾಯಿದೆಯಿಂದ ಅಳಿಸಿತು. ಜನರ ನಾಲಗೆಯಿಂದ ಅದು ಇನ್ನೂ ಪೂರ್ಣವಾಗಿ ಅಳಿದಿಲ್ಲ.

ಸುರಪುರದ ಬೇಡರಿಗೂ ಇಂಥದೇ ಹೆಸರು ಅಂಟಿದ್ದಿತು. ೧೭೦೫ರಲ್ಲಿ ವಾಗಿನಗೇರಿಯ ಕೋಟೆಯಲ್ಲಿ ಔರಂಗಜೇಬನನ್ನೇ ಎದುರಿಸಿದ ಈ ವೀರರನ್ನು ಅಧಿಕಾರಿಗಳು ಬರಿಯ ಲೂಟಿಗಾರರೆಂದು ಭಾವಿಸಿದ್ದರು. ೧೮೪೧ರಲ್ಲಿ ಟೇಲರನು ಅಲ್ಲಿಗೆ ಬಂದಾಗ ರಾಜನು ಚಿಕ್ಕ ಬಾಲಕ. ರಾಣಿ ಈಶ್ವರಮ್ಮನಿಗೂ ರಾಜನ ಚಿಕ್ಕಪ್ಪ ಪಿಡ್ಡ ನಾಯಕನಿಗೂ ಅಧಿಕಾರಕ್ಕಾಗಿ ಕಲಹ. ಸಂಸ್ಥಾನವೋ ಸಾಲದಲ್ಲಿ ಮುಳುಗಿದ್ದಿತು. ಆತನು ಬೇಡರ ನಾಯಕರನ್ನು ಕರೆಯಿಸಿ ಮಾತನಾಡಿ ವಿಶ್ವಾಸ ಗಳಿಸಿದನು. ಭೂಮಿಯನ್ನು ಅಳೆಯಿಸಿದನು, ರಸ್ತೆಗಳನ್ನು ಮಾಡಿಸಿದನು, ಬೋನಾಳದ ದೊಡ್ಡ ಕೆರೆಯನ್ನು ಅಭಿವೃದ್ಧಿಪಡಿಸಿದನು. ಅಪರಾಧಿಗಳೆಂದು ಹೆಸರಾದವರು ಹನ್ನೆರಡು ವರ್ಷ ನೆಮ್ಮದಿಯಿಂದ ಬಾಳಿದರು. ಜನರು ಬದಲಾಗಿರಲಿಲ್ಲ, ಅವರನ್ನು ನೋಡುವ ದೃಷ್ಟಿ ಬದಲಾಗಿದ್ದಿತು.

ಆದರೆ ಒಬ್ಬನ ಮೇಲೆ ನಿಂತ ವ್ಯವಸ್ಥೆಯು ಅವನೊಡನೆಯೇ ಹೋಗುತ್ತದೆ. ೧೮೫೩ರಲ್ಲಿ ತರುಣ ರಾಜ ವೆಂಕಟಪ್ಪ ನಾಯಕನಿಗೆ ರಾಜ್ಯವನ್ನೊಪ್ಪಿಸಿ ಟೇಲರನು ನಳದುರ್ಗಕ್ಕೆ ತೆರಳಿದನು. ೧೮೫೮ರಲ್ಲಿ ರಾಜನು ಆಂಗ್ಲರ ವಿರುದ್ಧ ಕತ್ತಿ ಹಿರಿದು ಸೆರೆಸಿಕ್ಕನು. ಟೇಲರನನ್ನು ಅಪ್ಪನೆಂದೇ ಕರೆಯುತ್ತಿದ್ದ ಆ ರಾಜನು ಸೆರೆಮನೆಯಲ್ಲಿ ಆತನನ್ನು ಕಂಡನು. ಬಳಿಕ ಸೆರೆವಾಸಕ್ಕೆ ಒಯ್ಯುವ ದಾರಿಯಲ್ಲಿ ಗುಂಡಿಗೆ ಬಲಿಯಾದನು. ಸುರಪುರವು ನಿಜಾಮನ ಪಾಲಾಯಿತು. ಪರರ ಆಳಿಕೆಯು ಎಷ್ಟು ದಯಾಪರವಾಗಿದ್ದರೂ ಸ್ವಾತಂತ್ರ್ಯದ ಹಸಿವನ್ನು ಅದು ಅರಿಯಲಾರದು. ಟೇಲರನು ೧೮೬೦ರಲ್ಲಿ ಸ್ವದೇಶಕ್ಕೆ ಮರಳಿದನು. ೧೮೭೫ರಲ್ಲಿ ಮತ್ತೊಮ್ಮೆ ಈ ದೇಶಕ್ಕೆ ಬಂದು ಹಿಂದಿರುಗುವಾಗ, ೧೮೭೬ರಲ್ಲಿ ಫ್ರಾನ್ಸದ ಮೆಂತೋನದಲ್ಲಿ ಮೃತನಾದನು.

ಇಂದು ಪಂಚಾಯತಿಯು ನಮ್ಮದು, ಠಾಣೆಯು ನಮ್ಮದು, ನ್ಯಾಯಾಲಯವೂ ನಮ್ಮದೇ. ದಾರಿ ತೋರಿಸಲು ಹೊರಗಿನವನೊಬ್ಬನು ಬರಬೇಕಾಗಿಲ್ಲ. ಊರಿನಲ್ಲಿ ಕೇಡು ನಡೆದಾಗ ಹಿರಿಯರು ದುರ್ಬಲನ ದೂರನ್ನು ಮೊದಲು ಕೇಳಲಿ. ತಪ್ಪಿತಸ್ಥನು ಧನಿಕನಾದರೂ ತಮ್ಮವನಾದರೂ ಕಾಯಿದೆಯ ಕೈಗೆ ಒಪ್ಪಿಸಲಿ. ನಿರಪರಾಧಿಯ ಕೇರಿಗೆ ಕಳಂಕ ಹಚ್ಚದಿರಲಿ. ಮರಳನ್ನು ಹುಡುಕಬೇಕಾದುದು ಹಿಟ್ಟಿನ ಚೀಲದಲ್ಲಿ, ಮಾರುವವನ ಕುಲದಲ್ಲಿ ಅಲ್ಲ.